ಎಮ್ಮೆ ಮಾರಿದ ಆರು ವರ್ಷಗಳ ಮೇಲೆ: ಒಬ್ಬ ನೇಕಾರರ ರಕ್ತ, ನರ ಮತ್ತು ಊಟ

ಇವರನ್ನು ಇಲ್ಲಿ ನೇಕಾರರು ಎಂದಷ್ಟೇ ಕರೆಯುತ್ತೇನೆ. ಬಾಗಲಕೋಟೆ ಜಿಲ್ಲೆಯಲ್ಲಿ ಮಗ್ಗದ ಸದ್ದಿನಿಂದಲೇ ಬೆಳಗಾಗುವ ಊರುಗಳು ಹಲವು: ಇಳಕಲ್, ಗುಳೇದಗುಡ್ಡ, ಕಮತಗಿ, ರಬಕವಿ, ಬನಹಟ್ಟಿ. ಇವರದು ಅವುಗಳಲ್ಲಿ ಯಾವುದು ಎಂದು ಹೇಳುವುದಿಲ್ಲ. ಗುರುತು ಸಿಗದಿರಲೆಂದು ವಯಸ್ಸನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ರೋಗ ನಡೆದ ದಾರಿ ಮತ್ತು ನಾವು ತೆಗೆದುಕೊಂಡ ನಿರ್ಧಾರಗಳು ಇದ್ದಂತೆಯೇ ಇವೆ, ನನ್ನದೊಂದು ತಪ್ಪೂ ಸೇರಿ. ಬರೆಯಲು ಅವರೂ ಅವರ ಮಡದಿಯೂ ಒಪ್ಪಿದ್ದಾರೆ.

ಮನೆ ಮತ್ತು ಅಡುಗೆಮನೆ

ನೇಕಾರರಿಗೆ ಆಗ 48 ವರ್ಷ. ಪಡಸಾಲೆಯಲ್ಲೇ ಕುಣಿ ಮಗ್ಗ. ಹದಿನಾಲ್ಕನೇ ವಯಸ್ಸಿನಿಂದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತವರು. ಕುಣಿ ಮಗ್ಗದಲ್ಲಿ ಕೈಗೆ ಎಷ್ಟು ಕೆಲಸವೋ ಕಾಲಿಗೂ ಅಷ್ಟೇ. ಒಂದು ಹಲಗೆ ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಲಾಳಿ ಹಾಯುತ್ತದೆ. ಇನ್ನೊಂದನ್ನು ತುಳಿದರೆ ಉಳಿದರ್ಧ. ಹಲಗೆಗಳು ಕತ್ತಲ ಕುಣಿಯಲ್ಲಿ ಇರುವುದರಿಂದ ಯಾರೂ ಕಣ್ಣಿನಿಂದ ನೋಡಿ ತುಳಿಯುವುದಿಲ್ಲ. ಪಾದಕ್ಕೇ ಗೊತ್ತಿರಬೇಕು.

ಮಡದಿ ಕಂಡಿಕೆ ಸುತ್ತುತ್ತಾರೆ, ಮನೆ ನಡೆಸುತ್ತಾರೆ. ಮಗ, ಸೊಸೆ, ಮೂರು ವರ್ಷದ ಮೊಮ್ಮಗ ಜೊತೆಗಿದ್ದಾರೆ. ಮಗಳನ್ನು ವಿಜಯಪುರ ಜಿಲ್ಲೆಗೆ ಕೊಟ್ಟಿದ್ದಾರೆ. ನೇಕಾರರ ಕೊರಳಲ್ಲಿ ಲಿಂಗವಿದೆ. ಮಾಂಸ, ಮೊಟ್ಟೆ ಆ ಮನೆಯ ಹೊಸ್ತಿಲು ದಾಟಿ ಬಂದದ್ದಿಲ್ಲ.

ಊಟದ ವಿಷಯವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನನ್ನು ದಾರಿ ತಪ್ಪಿಸಿದ್ದು ಅದೇ. ಬೆಳಿಗ್ಗೆ ಚಹಾ, ಸುಸಲಾ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ ಅಥವಾ ಮೆಂತ್ಯೆ ಪಲ್ಯ, ಗುರೆಳ್ಳು ಚಟ್ನಿ ಅಥವಾ ಅಗಸಿ ಚಟ್ನಿ, ಹಸಿ ಈರುಳ್ಳಿ. ಹಕ್ಕರಿಕೆ ಸಿಗುವ ದಿನಗಳಲ್ಲಿ ಅದನ್ನು ತೊಳೆದು ಹಸಿಯಾಗಿಯೇ ರೊಟ್ಟಿಯ ಪಕ್ಕ ಇಡುತ್ತಾರೆ. ರಾತ್ರಿ ಮತ್ತೆ ರೊಟ್ಟಿ, ಮಡಕೆ ಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಮಜ್ಜಿಗೆ. ನಗರದಲ್ಲಿ ಹಣ ತೆತ್ತು ಆಹಾರ ತಜ್ಞರಿಂದ ಬರೆಸಿಕೊಳ್ಳುವ ಪಟ್ಟಿಗಿಂತ ಈ ತಟ್ಟೆ ಚೆನ್ನಾಗಿದೆ ಎಂದು ಈಗಲೂ ನಂಬುತ್ತೇನೆ. ನಾರು, ಕಾಳು, ಹಸಿ ಸೊಪ್ಪು, ಎಣ್ಣೆಕಾಳು, ಎಲ್ಲವೂ ಇತ್ತು. ಒಂದು ಮಾತ್ರ ಇರಲಿಲ್ಲ.

ಕಾಯಿಲೆ ಮೊದಲು ಬಟ್ಟೆಯಲ್ಲಿ ಕಂಡಿತು

ಸುಸ್ತು, ಏದುಸಿರು, ನಾಲಿಗೆಯ ಉರಿ ಒಂದು ವರ್ಷದಿಂದ ಇದ್ದವು. ಆದರೆ ಅವರನ್ನು ಗಾಬರಿಗೊಳಿಸಿದ್ದು ಬೇರೆ ಸಂಗತಿ. ನೇಯ್ದ ಬಟ್ಟೆಯಲ್ಲಿ ಅಲ್ಲಲ್ಲಿ ಹೊಕ್ಕು ತಪ್ಪತೊಡಗಿತು. ಮೂವತ್ತು ವರ್ಷ ತಪ್ಪದ ಕೈ. ಸಾಹುಕಾರರು ಎರಡು ಬಾರಿ ಕೂಲಿ ಮುರಿದುಕೊಂಡರು. ಕಣ್ಣು ಮಂದವಾಗಿದೆಯೆಂದು ಕನ್ನಡಕ ಬದಲಿಸಿದರು, ತಪ್ಪು ನಿಲ್ಲಲಿಲ್ಲ. ಒಂದು ದಿನ ಮಡದಿ ಕುಣಿಯೊಳಗೆ ಇಣುಕಿ ನೋಡಿದಾಗ ಗಂಡನ ಬಲಗಾಲು ಹಲಗೆಯ ಅಂಚಿನ ಮೇಲೆ ಅರ್ಧ ಜಾರಿ ಕುಳಿತಿತ್ತು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದಕ್ಕೆ ಅರಳೆ ಸುತ್ತಿ ತುಳಿದಂತಾಗುತ್ತದೆ ಎಂದು ಅವರು ನನಗೆ ಆಮೇಲೆ ವಿವರಿಸಿದರು.

ನಮ್ಮ ಬಳಿ ಬರುವ ಮುನ್ನ ಮೂರು ಪ್ರಯತ್ನಗಳು ನಡೆದಿದ್ದವು. ಒಂದು ಕಡೆ ಬೆನ್ನಿನ ಎಕ್ಸ್‌ರೇ ತೆಗೆದು, ಕುಳಿತು ಕುಳಿತು ನರ ಒತ್ತಿದೆ ಎಂದು ನೋವಿನ ಮಾತ್ರೆ ಕೊಟ್ಟರು. ಇನ್ನೊಂದು ಕಡೆ ಹಿಮೋಗ್ಲೋಬಿನ್ 7.8 ಇರುವುದನ್ನು ಕಂಡು ಕಬ್ಬಿಣದ ಮಾತ್ರೆ, ಜೊತೆಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬರೆದರು. ಎರಡು ತಿಂಗಳಲ್ಲಿ ರಕ್ತ 10.2ಕ್ಕೆ ಏರಿತು, ಏದುಸಿರು ಕಡಿಮೆಯಾಯಿತು, ಮನೆಯವರು ನೆಮ್ಮದಿಯಾದರು. ಕಾಲಿನ ಜೋಮು ಮಾತ್ರ ಪಾದದಿಂದ ಮೀನಖಂಡಕ್ಕೆ ಹತ್ತಿತು. ಮೂರನೆಯದಾಗಿ, ಪರಿಚಯದವರೊಬ್ಬರು ದೇಹದ ಎಲ್ಲ ಕೊರತೆಗೂ ಮದ್ದು ಎಂದು ಒಂದು ಹಸಿರು ಪಾಚಿಯ ಪುಡಿ ತಂದುಕೊಟ್ಟರು. ಅದನ್ನು ಮೂರು ತಿಂಗಳು ನೀರಿನಲ್ಲಿ ಕದಡಿ ಕುಡಿದರು.

ನನ್ನ ತಪ್ಪು

ನಮ್ಮ ಚಿಕಿತ್ಸಾಲಯಕ್ಕೆ ಅವರು ಬಂದದ್ದು ಒಂದು ಸಂತೆಯ ದಿನ. ಜನ ತುಂಬಿದ್ದರು. ವರದಿಯಲ್ಲಿ ಹಿಮೋಗ್ಲೋಬಿನ್ 10ರ ಆಸುಪಾಸು, ಕೆಂಪು ಕಣದ ಸರಾಸರಿ ಗಾತ್ರ 96. ಸಹಜ ಮಿತಿ 80ರಿಂದ 100. ಬಿ12 ಅಥವಾ ಫೋಲೇಟ್ (ಫೋಲಿಕ್ ಆಮ್ಲ ಇದರದೇ ಮಾತ್ರೆಯ ರೂಪ) ಎಂಬ ಜೀವಸತ್ವಗಳ ಕೊರತೆಯಲ್ಲಿ ಕಣಗಳು ಊದಿಕೊಂಡು ಈ ಅಂಕಿ 100 ದಾಟುತ್ತದೆ ಎಂಬುದು ವೈದ್ಯಕೀಯದ ಮೊದಲ ಪಾಠಗಳಲ್ಲೊಂದು. 96 ಕಂಡು ಆ ಯೋಚನೆಯನ್ನು ಪಕ್ಕಕ್ಕಿಟ್ಟೆ. ಊಟ ವಿಚಾರಿಸಿದೆ, ಸೊಪ್ಪು-ಕಾಳಿನ ಪಟ್ಟಿ ಕೇಳಿ ಮೆಚ್ಚಿಕೊಂಡೆ, ಇದನ್ನೇ ಮುಂದುವರಿಸಿ, ಕಬ್ಬಿಣದ ಮಾತ್ರೆ ಬಿಡಬೇಡಿ ಎಂದು ಕಳುಹಿಸಿದೆ.

ಅದೇ ಕಾಗದದ ಮೇಲೆ, ಎರಡು ಸಾಲು ಕೆಳಗೆ, ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರು ಇದೆ ಎಂದು ತೋರಿಸುವ ಅಂಕಿ 21 ಎಂದಿತ್ತು. ಅದು ಸಹಜವಾಗಿ 15 ಮೀರುವುದಿಲ್ಲ. ಕಬ್ಬಿಣ ಸಾಲದೆ ಕುಗ್ಗಿದ ಕಣಗಳೂ ಬೇರೊಂದು ಕೊರತೆಯಿಂದ ಊದಿದ ಕಣಗಳೂ ಒಂದೇ ರಕ್ತದಲ್ಲಿ ಬೆರೆತಿದ್ದವು. ಯಂತ್ರ ಎರಡನ್ನೂ ಕೂಡಿಸಿ ಭಾಗಿಸಿ 96 ಎಂಬ ಸಭ್ಯ ಅಂಕಿಯನ್ನು ಅಚ್ಚು ಹಾಕಿತ್ತು. ನಾನು ಸರಾಸರಿಯನ್ನು ನಂಬಿದೆ, ಏರುಪೇರನ್ನು ಓದಲಿಲ್ಲ. ಕಾಲನ್ನು ಮುಟ್ಟಿ ಪರೀಕ್ಷಿಸಲೂ ಇಲ್ಲ. ಇದನ್ನು ಓದುವ ಕಿರಿಯ ವೈದ್ಯರು ಬೇರೆಲ್ಲ ಮರೆತರೂ ಈ ಸಾಲನ್ನು ನೆನಪಿಟ್ಟುಕೊಳ್ಳಲಿ ಎಂದು ಬಯಸುತ್ತೇನೆ.

ಹದಿನೆಂಟು ದಿನಗಳ ನಂತರ ಅವರು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡು ಬಂದರು. ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ನೀರು ಎರಚಿಕೊಂಡು ಕಣ್ಣು ಮುಚ್ಚಿದ ಕ್ಷಣವೇ ಮುಂದಕ್ಕೆ ಬಿದ್ದಿದ್ದರು. ಪಾದಗಳಿಂದ ಸುದ್ದಿ ಬಾರದಿದ್ದಾಗ ಮನುಷ್ಯ ಕಣ್ಣಿನ ಆಸರೆಯಿಂದ ನಿಂತಿರುತ್ತಾನೆ. ಕಣ್ಣು ಮುಚ್ಚಿದರೆ ಆ ಆಸರೆಯೂ ಹೋಗುತ್ತದೆ. ಈ ಬಾರಿ ಪರೀಕ್ಷೆ ಮೇಜಿನ ಮೇಲೆ ಮಲಗಿಸಿ, ಮಿಡಿಯುವ ಶ್ರುತಿಕವೆಯನ್ನು ಕಾಲಿನ ಹೆಬ್ಬೆರಳಿಗೆ ಇಟ್ಟೆ. ಏನೂ ಇಲ್ಲ ಎಂದರು. ಪಾದದ ಗಂಟಿಗೆ ಇಟ್ಟೆ. ಇಲ್ಲ. ಮೊಣಕಾಲಿನ ಚಿಪ್ಪಿನ ಮೇಲೆ ಇಟ್ಟಾಗ ಮುಖ ಅರಳಿತು. ಇಲ್ಲಿ ಮಗ್ಗ ಆಡಿದಂತಾಗುತ್ತಿದೆ ಎಂದರು. ಹೆಬ್ಬೆರಳನ್ನು ಮೇಲಕ್ಕೆ ಮಡಿಸಿದೆನೋ ಕೆಳಕ್ಕೋ ಎಂದು ಹತ್ತು ಸಲ ಕೇಳಿದೆ. ಆರು ಸಲ ತಪ್ಪು ಹೇಳಿದರು.

ಗಾಜಿನ ಪಟ್ಟಿಯ ಮೇಲಿನ ಚುಕ್ಕೆ

ಅಂದು ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಪ್ರಯೋಗಾಲಯದ ತಂತ್ರಜ್ಞರೊಂದಿಗೆ ನಾನೂ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಮೊದಲು ಕಂಡದ್ದು ಬಿಳಿ ರಕ್ತಕಣಗಳು. ಮೂರು ನಾಲ್ಕು ಹಾಲೆಗಳಿರಬೇಕಾದ ಅವುಗಳ ಕೋಶಕೇಂದ್ರ ಆರು, ಏಳು ಹಾಲೆಗಳಾಗಿ ಹರಡಿತ್ತು. ಆಮೇಲೆ ತಂತ್ರಜ್ಞರು ಪಟ್ಟಿಯನ್ನು ಸ್ವಲ್ಪ ಸರಿಸಿ, ಇಲ್ಲಿ ನೋಡಿ ಎಂದರು. ಮೊಟ್ಟೆಯಾಕಾರದ ಒಂದು ದೊಡ್ಡ ಕೆಂಪು ಕಣ. ಅದರೊಳಗೆ ಒಂದು ಮಗ್ಗುಲಿಗೆ, ಸಾಸಿವೆಗಿಂತ ಎಷ್ಟೋ ಪಾಲು ಚಿಕ್ಕದಾದ, ಅಂಚು ತಿದ್ದಿದಂತಿರುವ ದುಂಡನೆಯ ಕಡುನೇರಳೆ ಚುಕ್ಕೆ.

ಬಲಿತ ಕೆಂಪು ಕಣದಲ್ಲಿ ಕೋಶಕೇಂದ್ರವೇ ಇರುವುದಿಲ್ಲ. ಹಾಗಾದರೆ ಆ ಚುಕ್ಕೆ ಏನು? ಹೊವೆಲ್-ಜಾಲಿ ಚುಕ್ಕೆ ಎಂದು ಅದಕ್ಕೆ ಹೆಸರು. ಅಸ್ಥಿಮಜ್ಜೆಯಲ್ಲಿ ಕಣ ಇಬ್ಭಾಗವಾಗುವಾಗ ತುಂಡಾಗಿ ಹಿಂದೆ ಉಳಿದ ವರ್ಣತಂತುವಿನ ಚೂರು ಅದು. ವಂಶವಾಹಿಗಳಿಗೆ ಆಗುವ ಹಾನಿ ಎಂದು ನಾವು ಪುಸ್ತಕದ ಮಾತಿನಲ್ಲಿ ಹೇಳುತ್ತೇವಲ್ಲ, ಆ ಹಾನಿಯನ್ನು ಬರಿಗಣ್ಣಿಗೆ ಒಂದು ಮಸೂರವಷ್ಟೇ ಅಡ್ಡವಿಟ್ಟು ನೋಡಲು ಸಿಗುವ ಅಪರೂಪದ ಜಾಗ ಇದು. ನನಗೆ ಆ ಕ್ಷಣ ನಿಜವಾಗಿಯೂ ಎದೆ ಝಲ್ಲೆಂದಿತು.

ರಕ್ತದ ಬಿ12 ಮಟ್ಟ 96 ಪಿಕೋಗ್ರಾಂ ಎಂದು ವರದಿ ಬಂತು. 200ಕ್ಕಿಂತ ಕೆಳಗಿಳಿದರೇ ಕೊರತೆ ಎನ್ನುತ್ತೇವೆ. ಬಿ12 ಸಾಲದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಎಂಬ ವಸ್ತು 58, ಇರಬೇಕಾದದ್ದು 15ರೊಳಗೆ. ಫೋಲೇಟ್ ಮಾತ್ರ ಸಮೃದ್ಧವಾಗಿತ್ತು. ಅಷ್ಟು ಸೊಪ್ಪು ತಿನ್ನುವ ಮನೆಯಲ್ಲಿ ಇನ್ನೇನಾಗಬೇಕು?

ಒಳಗೆ ನಡೆಯುತ್ತಿದ್ದದ್ದನ್ನು ನೇಕಾರರಿಗೆ ಹೀಗೆ ವಿವರಿಸಿದೆ. ಡಿಎನ್ಎ ನಾಲ್ಕು ಅಕ್ಷರಗಳ ಬರಹ. ಅದರಲ್ಲಿ ಥೈಮಿನ್ ಎಂಬ ಅಕ್ಷರವನ್ನು ಜೀವಕೋಶ ಯುರಾಸಿಲ್ ಎಂಬ ಇನ್ನೊಂದು ಅಕ್ಷರಕ್ಕೆ ಒಂದು ಇಂಗಾಲದ ಕುಡಿ ಜೋಡಿಸಿ ತಯಾರಿಸಿಕೊಳ್ಳುತ್ತದೆ. ಆ ಕುಡಿಯನ್ನು ಹೊತ್ತು ತರುವುದು ಫೋಲೇಟ್. ಫೋಲೇಟ್ ಮತ್ತೆ ಮತ್ತೆ ಕೆಲಸಕ್ಕೆ ಬರಬೇಕಾದರೆ ಬಿ12 ಬೇಕು. ಬಿ12 ಇಲ್ಲದಿದ್ದರೆ ಫೋಲೇಟ್ ಎಷ್ಟಿದ್ದರೂ ಒಂದು ರೂಪದಲ್ಲಿ ಸಿಕ್ಕಿಬಿದ್ದು ನಿರುಪಯೋಗಿಯಾಗುತ್ತದೆ. ಆಗ ಥೈಮಿನ್ ಸಾಲದೆ ಕೋಶ ಯುರಾಸಿಲನ್ನೇ ಅದರ ಜಾಗದಲ್ಲಿ ಕೂರಿಸುತ್ತದೆ. ಕೋಶದಲ್ಲಿ ತಪ್ಪು ತಿದ್ದುವ ಕಿಣ್ವಗಳಿವೆ. ಅವು ಆ ಯುರಾಸಿಲನ್ನು ಕಿತ್ತು ಹಾಕುತ್ತವೆ. ಆದರೆ ತುಂಬಲು ಥೈಮಿನ್ ಇನ್ನೂ ಬಂದಿಲ್ಲ. ಮತ್ತೆ ಯುರಾಸಿಲ್, ಮತ್ತೆ ಕೀಳುವುದು.

ಅವರು ನನ್ನ ಮಾತನ್ನು ಅರ್ಧದಲ್ಲೇ ತಡೆದರು. ಅವರ ಮಾತನ್ನು ನೆನಪಿರುವಷ್ಟು ಹತ್ತಿರವಾಗಿ ಬರೆಯುತ್ತೇನೆ: "ನಮ್ಮಲ್ಲಿಯೂ ಹೀಗೆಯೇ. ಎಳೆ ಹರಿದಾಗ ಅದೇ ಬಣ್ಣದ ನೂಲು ಮುಗಿದಿದ್ದರೆ ಹತ್ತಿರದ ಬಣ್ಣದ್ದನ್ನು ಕಟ್ಟುತ್ತೇವೆ. ಯಾರಾದರೂ ನೋಡಿ ಕಿತ್ತು ಬೇರೆ ಹಾಕು ಎನ್ನುತ್ತಾರೆ. ಬೇರೆ ಎಲ್ಲಿದೆ? ಮತ್ತೆ ಅದನ್ನೇ ಕಟ್ಟಬೇಕು. ಹೀಗೆ ಕೀಳುತ್ತ ಕಟ್ಟುತ್ತ ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಒಂದೇ ಜಾಗದಲ್ಲಿ ಹೋದರೆ ಅಲ್ಲಿ ಬಟ್ಟೆ ತೂತಾಗುತ್ತದೆ."

ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಡಿಎನ್ಎಯ ಎರಡು ಎಳೆಗಳಲ್ಲಿ ಹತ್ತಿರ ಹತ್ತಿರದಲ್ಲೇ ಎರಡು ಕಡೆ ಹೀಗೆ ಕಿತ್ತಾಗ ಅದು ತುಂಡಾಗುತ್ತದೆ. ಫೋಲೇಟ್ ಕೊರತೆಯಿರುವವರ ರಕ್ತಕಣಗಳಲ್ಲಿ ಯುರಾಸಿಲ್ ಹೆಚ್ಚಾಗಿ ಸೇರಿಕೊಂಡಿರುವುದನ್ನೂ ವರ್ಣತಂತುಗಳು ಮುರಿಯುವುದನ್ನೂ, ಕೊರತೆ ತುಂಬಿದಾಗ ಎರಡೂ ಇಳಿಯುವುದನ್ನೂ ಅಮೆರಿಕದ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಈ ಕಥೆಯ ಆರಂಭ ಮಾತ್ರ ನಮಗೆ ಹತ್ತಿರದ ಮುಂಬಯಿಯಲ್ಲಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಅಲ್ಲಿಗೆ ಬಂದು, ಬಟ್ಟೆ ಗಿರಣಿಗಳ ಕೆಲಸಗಾರ್ತಿಯರಿಗೆ ಬಸಿರಿನಲ್ಲಿ ಬರುತ್ತಿದ್ದ ಇಂಥದೇ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟ್‌ನ ಸಾರದಿಂದ ಅದನ್ನು ಗುಣಪಡಿಸಿದರು. ಆ ಸಾರದಲ್ಲಿದ್ದ ವಸ್ತು ಫೋಲೇಟ್ ಎಂದು ಆಮೇಲೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಎಲೆಗೆ ಲ್ಯಾಟಿನ್‌ನಲ್ಲಿರುವ ಹೆಸರಿನಿಂದಲೇ ಕರೆದರು. ನೂಲಿನವರ ರಕ್ತದಿಂದಲೇ ಈ ವಿದ್ಯೆ ಹುಟ್ಟಿತು ಎಂದಾಗ ನೇಕಾರರ ಮಡದಿ ಮೊದಲ ಬಾರಿ ನಕ್ಕರು.

ಹಿಂದೆ ಕೊಟ್ಟಿದ್ದ ಫೋಲಿಕ್ ಆಮ್ಲದ ಮಾತ್ರೆ ರಕ್ತವನ್ನು ಏರಿಸಿ ಕಾಲನ್ನು ಏಕೆ ಕೈಬಿಟ್ಟಿತು ಎಂಬುದೂ ಇಲ್ಲಿಯೇ ಇದೆ. ದೊಡ್ಡ ಪ್ರಮಾಣದ ಫೋಲಿಕ್ ಆಮ್ಲ ಬಿ12ರ ಹಂಗಿಲ್ಲದೆ ಸ್ವಲ್ಪ ಕಾಲ ಥೈಮಿನ್ ತಯಾರಿಕೆಯನ್ನು ನಡೆಸಿಕೊಡುತ್ತದೆ. ಆದರೆ ನರದ ಮೇಲಿನ ಹೊದಿಕೆಯನ್ನು ಕಾಪಾಡಲು ಬಿ12 ಇರಲೇಬೇಕು. ರಕ್ತದ ಅಂಕಿ ಸುಧಾರಿಸುತ್ತಿದ್ದ ಆ ತಿಂಗಳುಗಳಲ್ಲಿ ಬೆನ್ನುಹುರಿ ಸದ್ದಿಲ್ಲದೆ ಸವೆಯುತ್ತಿತ್ತು.

ಎಮ್ಮೆ

ಕೊರತೆ ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ. ಇದೇ ಮನೆಯಲ್ಲಿ ಇದೇ ಊಟ ಉಂಡ ಅವರ ತಂದೆ ಎಂಬತ್ತು ದಾಟಿ, ಕೊನೆಯವರೆಗೂ ಮಗ್ಗದ ಮೇಲೆ ಕುಳಿತವರು. ಹಾಗಾದರೆ ಬದಲಾದದ್ದು ಏನು? ನಾನು ಏನು ತಿನ್ನುತ್ತೀರಿ ಎಂದು ಕೇಳುತ್ತಿದ್ದೆ. ಹತ್ತು ವರ್ಷದ ಹಿಂದೆ ತಿನ್ನುತ್ತಿದ್ದದ್ದರಲ್ಲಿ ಈಗ ಯಾವುದಿಲ್ಲ ಎಂದು ಕೇಳಿದಾಗ ಮಡದಿ ತಡವಿಲ್ಲದೆ ಹೇಳಿದರು: ಎಮ್ಮೆ. ಮಗಳ ಮದುವೆಯ ಖರ್ಚಿಗೆ ಮಾರಿ ಆರು ವರ್ಷವಾಯಿತು. ಮುಂಚೆ ಹಾಲು, ಗಟ್ಟಿ ಮೊಸರು, ಬೆಣ್ಣೆ ಮನೆಯಲ್ಲಿ ಹರಿದಾಡುತ್ತಿದ್ದವು. ಈಗ ಪಾಕೀಟಿನ ಹಾಲು, ಅರ್ಧ ಲೀಟರು, ಚಹಾಕ್ಕೆ.

ಯಾವ ಗಿಡವೂ ಬಿ12 ತಯಾರಿಸುವುದಿಲ್ಲ. ಹಕ್ಕರಿಕೆಯಲ್ಲಿಲ್ಲ, ಅಗಸಿಯಲ್ಲಿಲ್ಲ, ಹುದುಗಿಸಿದ ಹಿಟ್ಟಿನಲ್ಲಿ ನೆಚ್ಚಿಕೊಳ್ಳುವಷ್ಟಿಲ್ಲ. ಆ ಹಸಿರು ಪಾಚಿಯ ಪುಡಿಯಲ್ಲಿರುವುದು ಬಹುಪಾಲು ಅದನ್ನು ಹೋಲುವ, ದೇಹಕ್ಕೆ ದಕ್ಕದ ರೂಪ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ಎಮ್ಮೆಯ ಹೊಟ್ಟೆಯಲ್ಲಿ ಕಣಿಕೆ ಕೊಳೆಯುವಾಗ. ಸಸ್ಯಾಹಾರಿ ಮನೆಗೆ ಅದು ಹಾಲಿನ ಮೂಲಕವೇ ಬರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ನೂರು ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 0.4.

ಮಜ್ಜಿಗೆ ಕುಡಿಯುತ್ತೇವಲ್ಲ ಎಂದು ಅವರು ಕೇಳಿದರು. ಮರುದಿನ ಮಡದಿ ನನ್ನ ಮೇಜಿನ ಮೇಲೆಯೇ ಸ್ಟೀಲ್ ಬಟ್ಟಲು ಇಟ್ಟು ತೋರಿಸಿದರು: ಒಂದು ಬಟ್ಟಲು ಮೊಸರು, ಅಂದರೆ 150 ಮಿಲಿಲೀಟರ್, ಒಂದು ದೊಡ್ಡ ತಂಬಿಗೆ ನೀರು, ಉಪ್ಪು, ಜೀರಿಗೆ, ಕುಡಿಯುವವರು ಐದು ಮಂದಿ. ತಲೆಗೆ 30 ಮಿಲಿಲೀಟರ್ ಮೊಸರು. ಬಿ12 ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 0.1 ಮೈಕ್ರೋಗ್ರಾಂ. ಬೇಸಿಗೆಯಲ್ಲಿ ಎದೆಗೆ ತಂಪು ಕೊಡುವ ಆ ಮಜ್ಜಿಗೆಯನ್ನು ನಾನು ಹಳಿಯುವುದಿಲ್ಲ, ಆದರೆ ಅದು ಹಾಲಿನ ಲೆಕ್ಕಕ್ಕೆ ಬರುವುದಿಲ್ಲ.

ಎಮ್ಮೆ ಹೋದ ವರ್ಷವೇ ಕಾಯಿಲೆ ಏಕೆ ಬರಲಿಲ್ಲ? ಯಕೃತ್ತು ಕೆಲವು ಮಿಲಿಗ್ರಾಂ ಬಿ12 ಕೂಡಿಟ್ಟುಕೊಂಡಿರುತ್ತದೆ. ದಿನದ ಖರ್ಚು ಮೈಕ್ರೋಗ್ರಾಂಗಳಲ್ಲಿ. ಕಣಜ ಬರಿದಾಗಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದಲೇ ಕಾರಣವನ್ನೂ ಕಾಯಿಲೆಯನ್ನೂ ಯಾರೂ ಜೋಡಿಸಿ ನೋಡುವುದಿಲ್ಲ.

ಇನ್ನೊಂದು ಎಳೆಯೂ ಇತ್ತು. ಹೊಟ್ಟೆ ಉರಿಗೆಂದು ಅವರು ನಾಲ್ಕು ವರ್ಷದಿಂದ ದಿನವೂ ಬೆಳಿಗ್ಗೆ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದರು, ಯಾರೂ ಬರೆದುಕೊಡದೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಗಂಡಸಿನಲ್ಲಿ ಕಬ್ಬಿಣವೂ ಕಡಿಮೆ ಇದ್ದರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು, ಆದ್ದರಿಂದ ಊಟದ ಕಾರಣವೊಂದನ್ನೇ ನಂಬಿ ಸುಮ್ಮನಿರುವಂತಿರಲಿಲ್ಲ. ಬಾಗಲಕೋಟೆಗೆ ಕಳುಹಿಸಿ ಎಂಡೋಸ್ಕೋಪಿ ಮಾಡಿಸಿದೆವು. ಹುಣ್ಣು, ಗಡ್ಡೆ ಇರಲಿಲ್ಲ. ಜಠರದ ಒಳಪದರ ಸವೆದು ತೆಳುವಾಗಿತ್ತು.

ಚಿಕಿತ್ಸೆ, ಮತ್ತೆ ಒಂದು ಜಾರು

ನರಕ್ಕೆ ಪೆಟ್ಟು ಬಿದ್ದಿರುವಾಗ ಊಟದಿಂದ ಸರಿಪಡಿಸುತ್ತೇನೆಂದು ಕಾಯುವುದು ಅಪರಾಧ. 1000 ಮೈಕ್ರೋಗ್ರಾಂ ಬಿ12 ಚುಚ್ಚುಮದ್ದನ್ನು ದಿನ ಬಿಟ್ಟು ದಿನ ಆರಂಭಿಸಿದೆವು, ಆಮೇಲೆ ವಾರಕ್ಕೊಮ್ಮೆ. ಹೊಸ ರಕ್ತ ಭರದಿಂದ ಹುಟ್ಟುವಾಗ ಪೊಟ್ಯಾಸಿಯಂ ಕುಸಿಯಬಹುದು ಎಂದು ಮೊದಲ ವಾರ ಅದನ್ನು ನೋಡಿಕೊಂಡೆವು. ಏಳನೇ ದಿನಕ್ಕೆ ಎಳೆಯ ಕೆಂಪು ಕಣಗಳ ಪ್ರಮಾಣ ಶೇಕಡಾ 1ರಿಂದ 9ಕ್ಕೆ ಜಿಗಿಯಿತು. ಎರಡನೇ ವಾರ ಕಾಲಿನ ಜುಮುಜುಮು ಹೆಚ್ಚಾಯಿತು, ಅವರು ಹೆದರಿದರು. ನರ ಎಚ್ಚರಗೊಳ್ಳುವಾಗ ಹೀಗಾಗುತ್ತದೆ ಎಂದು ಮೊದಲೇ ಹೇಳಿಟ್ಟಿದ್ದರಿಂದ ಚಿಕಿತ್ಸೆ ಬಿಡಲಿಲ್ಲ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 12.6. ಮತ್ತೆ ಗಾಜಿನ ಪಟ್ಟಿ ನೋಡಿದಾಗ ಆ ನೇರಳೆ ಚುಕ್ಕೆ ಇರುವ ಕಣ ಒಂದೂ ಸಿಗಲಿಲ್ಲ.

ಮೊಟ್ಟೆ ತಿನ್ನಿ ಎಂದು ಹೇಳಬೇಕೇ ಎಂಬ ಚರ್ಚೆ ನಮ್ಮಲ್ಲಿ ನಡೆಯಿತು. ನಾನು ಬೇಡವೆಂದೆ. ಕೊರಳಿನ ಲಿಂಗವನ್ನು ಬಿಡಿಸದೆ ಕೊರತೆ ತುಂಬುವ ದಾರಿ ಇರುವಾಗ ಅದನ್ನೇ ಹಿಡಿಯಬೇಕು; ಇಲ್ಲದಿದ್ದರೆ ಅವರು ನಮ್ಮ ಬಾಗಿಲಿಗೇ ಬರುವುದನ್ನು ಬಿಡುತ್ತಾರೆ. ದಿನಕ್ಕೆ ಅರ್ಧ ಲೀಟರ್ ಹಾಲು, ಅದರಲ್ಲಿ ಒಂದು ಬಟ್ಟಲು ಗಟ್ಟಿ ಮೊಸರಾಗಿ, ಅವರ ಒಬ್ಬರ ಪಾಲಿಗೆ ಎಂದು ಬರೆದುಕೊಟ್ಟೆ. ಚುಚ್ಚುಮದ್ದನ್ನು ನಿಲ್ಲಿಸಿದೆ.

ಅಲ್ಲಿ ಮತ್ತೆ ಎಡವಿದೆವು. ಐದು ತಿಂಗಳ ಮೇಲೆ ಪರೀಕ್ಷಿಸಿದಾಗ ಮಟ್ಟ ಮತ್ತೆ ಕೆಳಮುಖವಾಗಿತ್ತು. ಹಾಲು ಮನೆಗೆ ಬರುತ್ತಿತ್ತು, ಆದರೆ ಅದನ್ನು ಕುಡಿಯುತ್ತಿದ್ದವನು ಮೊಮ್ಮಗ. ಮೂರು ವರ್ಷದ ಕೂಸು ಬಟ್ಟಲು ಹಿಡಿದು ಎದುರು ನಿಂತಾಗ ಯಾವ ಅಜ್ಜ ತಾನೇ ಅದನ್ನು ತಾನು ಕುಡಿದಾನು? ಅದು ತಪ್ಪೆಂದು ನನಗೆ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಒಬ್ಬರಿಗೆ ಬರೆದ ಪಥ್ಯ ಆ ಮನೆಯ ತಟ್ಟೆಗಳಿಗೆಲ್ಲ ಹಂಚಿಹೋಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜೊತೆಗೆ, ಸವೆದ ಜಠರಕ್ಕೆ ಆಹಾರದ ಬಿ12 ಬಿಡಿಸಿಕೊಳ್ಳುವುದೂ ಕಷ್ಟ. ಆದ್ದರಿಂದ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯನ್ನು ಕಾಯಂ ಮಾಡಿದೆವು. ಅಷ್ಟು ದೊಡ್ಡ ಪ್ರಮಾಣ ಕೊಟ್ಟಾಗ ಶೇಕಡಾ ಒಂದರಷ್ಟು ಜಠರದ ಸಹಾಯವಿಲ್ಲದೆಯೇ ಕರುಳಿನ ಗೋಡೆ ದಾಟುತ್ತದೆ, ಅದು ಸಾಕು. ಆಮ್ಲ ತಗ್ಗಿಸುವ ಮಾತ್ರೆಯನ್ನು ಹಂತಹಂತವಾಗಿ ಬಿಡಿಸಿದೆವು, ಖಾಲಿ ಹೊಟ್ಟೆಯ ಚಹಾವನ್ನೂ.

ಈ ನಡುವೆ ಮಗ ಮೊಬೈಲಿನಲ್ಲಿ ಓದಿ, ಜೀನ್‌ಗಳನ್ನು ರಿಪೇರಿ ಮಾಡುತ್ತದೆ ಎಂಬ ದುಬಾರಿ ಕ್ಯಾಪ್ಸೂಲ್ ಡಬ್ಬಿ ತಂದ. ಒಳ್ಳೆಯ ಮನಸ್ಸಿನಿಂದ ತಂದದ್ದು. ಅವನ ಮುಂದೆಯೇ ಬೇಡವೆನ್ನುವುದು ಕಷ್ಟವಾಯಿತು. ಅದರಲ್ಲಿ ಬೀಟಾ ಕ್ಯಾರೋಟಿನ್ ಬಹಳವಿತ್ತು. ಕ್ಯಾರೆಟ್ಟಿನಲ್ಲಿ, ಸೊಪ್ಪಿನಲ್ಲಿ ಅದು ಒಳ್ಳೆಯದೇ. ಆದರೆ ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಇಲ್ಲದ್ದನ್ನು ತುಂಬಿದರೆ ದೇಹ ತನ್ನ ಹರಕನ್ನು ತಾನೇ ಹೊಲಿದುಕೊಳ್ಳುತ್ತದೆ. ಇರುವುದರ ಮೇಲೆ ಇನ್ನಷ್ಟು ಸುರಿದರೆ ಹೊಲಿಗೆ ಗಟ್ಟಿಯಾಗುತ್ತದೆ ಎಂಬ ಭರವಸೆ ಇಲ್ಲ. ಬಿ12 ಮಾತ್ರೆಯನ್ನು ಒತ್ತಾಯಿಸಿ ಕೊಟ್ಟ ನಾನೇ ಆ ಡಬ್ಬಿಯನ್ನು ಹಿಂತಿರುಗಿಸಿ ಬನ್ನಿ ಎಂದದ್ದು ಈ ಕಾರಣಕ್ಕೆ.

ತಂಬಾಕಿನ ಮಾತನ್ನೂ ಆಗಲೇ ಎತ್ತಿದೆ. ಮಗ್ಗದ ಮೇಲೆ ನಿದ್ದೆ ಬರದಿರಲೆಂದು ಸುಣ್ಣ ತಿಕ್ಕಿದ ತಂಬಾಕನ್ನು ದವಡೆಯಲ್ಲಿ ಇಟ್ಟುಕೊಳ್ಳುವುದು ಅವರ ಹಳೆಯ ರೂಢಿ. ತಂಬಾಕಿನಲ್ಲಿರುವ ನೈಟ್ರೋಸಮೀನ್‌ ಎಂಬ ವಿಷಗಳು ದೇಹದೊಳಗೆ ರೂಪ ಬದಲಿಸಿ ಡಿಎನ್ಎಗೆ ಅಂಟಿಕೊಂಡು ಅದರ ಅಕ್ಷರ ಕೆಡಿಸುತ್ತವೆ. ಯಾವ ಸೊಪ್ಪೂ ಅದಕ್ಕೆ ಎದುರು ನಿಲ್ಲಲಾರದು. ಐದು ತಿಂಗಳು ಬಿಟ್ಟರು, ಜಾತ್ರೆಯಲ್ಲಿ ಮತ್ತೆ ಹಿಡಿದರು, ಮತ್ತೆ ಬಿಟ್ಟಿದ್ದಾರೆ.

ಒಂದೇ ಗಡಿಗೆಯ ಊಟ

ಒಂದೇ ಗಡಿಗೆಯಿಂದ ಉಂಡವರು ಒಬ್ಬರಷ್ಟೇ ಕೊರತೆ ಅನುಭವಿಸುವುದಿಲ್ಲ. ಮನೆಯವರನ್ನೆಲ್ಲ ಪರೀಕ್ಷಿಸಿದೆವು. ಮಡದಿಯ ಮಟ್ಟ 140, ಸೊಸೆಯದು ಅಂಚಿನಲ್ಲಿ. ಹೆಚ್ಚು ಯೋಚನೆಗೀಡು ಮಾಡಿದ್ದು ತವರಿಗೆ ಬಂದಿದ್ದ ಮಗಳು, 168. ಅವಳಿಗೆ ಮಗುವಿನ ಆಸೆ ಇತ್ತು. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದೇ ತಿಳಿದಿರುವುದಿಲ್ಲ. ಹಿಂದೆ ಇಂಥ ದೋಷದ ಮಗು ಹುಟ್ಟಿದ್ದ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಅದು ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ತೋರಿಸಿತು. ತಾಯಿಯ ಬಿ12 ಕಡಿಮೆ ಇದ್ದರೂ ಈ ಅಪಾಯ ಏರುತ್ತದೆ ಎಂಬುದು 2009ರಲ್ಲಿ ಐರ್ಲೆಂಡಿನ ತಾಯಂದಿರ ರಕ್ತದಿಂದ ತಿಳಿದುಬಂತು. ತಂದೆಗೆ ಆದದ್ದನ್ನು ಕಂಡಿದ್ದ ಮಗಳಿಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಎರಡನ್ನೂ ಮೂರು ತಿಂಗಳು ಮೊದಲೇ ಆರಂಭಿಸಿದಳು. ಮುಂದಿನ ವರ್ಷ ಹೆಣ್ಣುಮಗು ಹುಟ್ಟಿತು, ಆರೋಗ್ಯವಾಗಿದೆ. ಮಾತ್ರೆ ಇಲ್ಲದಿದ್ದರೂ ಹಾಗೆಯೇ ಹುಟ್ಟುತ್ತಿತ್ತೇನೋ. ಒಂದು ಮಗುವಿನಿಂದ ಏನನ್ನೂ ಸಾಧಿಸಿ ತೋರಿಸಲು ಬರುವುದಿಲ್ಲ.

ಹದಿನಾಲ್ಕು ತಿಂಗಳ ಮೇಲೆ

ಕೊನೆಯ ಬಾರಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 14. ನಾಲಿಗೆಯ ಉರಿ ಇಲ್ಲ. ಕಣ್ಣು ಮುಚ್ಚಿ ಮುಖ ತೊಳೆಯುತ್ತಾರೆ, ಆದರೂ ಒಂದು ಕೈ ಗೋಡೆಯ ಮೇಲೆಯೇ ಇರುತ್ತದೆ. ಶ್ರುತಿಕವೆಯ ಮಿಡಿತ ಪಾದದ ಗಂಟಿನವರೆಗೆ ಇಳಿದು ಬಂದಿದೆ. ಬೆರಳುಗಳಿಗೆ ಬಂದಿಲ್ಲ. ಮೊದಲ ವರ್ಷದಲ್ಲಿ ಮರಳದ ಸಂವೇದನೆ ಆಮೇಲೆ ಮರಳುವುದು ಅಪರೂಪ ಎಂದು ಅವರಿಗೆ ಮುಚ್ಚಿಡದೆ ಹೇಳಿದೆ. ಹದಿನೆಂಟು ದಿನ ಮೊದಲೇ ನಾನು ಆ ಕಾಲನ್ನು ಮುಟ್ಟಿ ನೋಡಿದ್ದರೆ ಬೆರಳುಗಳೂ ಉಳಿಯುತ್ತಿದ್ದವೇ ಎಂದು ಅವರು ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ.

ಅವರ ಮನೆಗೆ ಹೋಗಿದ್ದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದವರು ಅವರ ಮಡದಿ. ಗಂಡ ಬಾಗಿಲ ಬಳಿ ಬೆಳಕಿಗೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಮಗ್ಗ ಒಂದೇ ಲಯದಲ್ಲಿ ಆಡುತ್ತಿತ್ತು. ನಡುವೆ ಎಲ್ಲೋ ಅದು ಅರೆಗಳಿಗೆ ತಡವರಿಸಿದಾಗ, ನೂಲಿನಿಂದ ತಲೆಯೆತ್ತದೆ, ಎಡಗಾಲು ಎಂದರು. ಮಡದಿ ಪಾದ ಸರಿಪಡಿಸಿಕೊಂಡು ಮತ್ತೆ ತುಳಿದರು.